ಕಲ್ಲಿನ ಮೇಲೆ ಬಿಡುವ ಜಾಗ

ಹಾಥರ್ಬಿ, ಯಾರ್ಕ್‌ಷೈರ್
೧೪ ಮಾರ್ಚ್ ೧೯೭೧

ಪೂಜ್ಯ ಪಾದ್ರಿ ಥ್ವೇಟ್ ಅವರಿಗೆ,

ಗುರುವಾರ ನನ್ನ ಗಂಡ ಕ್ಲಿಫರ್ಡನ ಅಂತ್ಯಕ್ರಿಯೆಯನ್ನು ಅಚ್ಚುಕಟ್ಟಾಗಿ ನಡೆಸಿಕೊಟ್ಟಿರಿ. ನಿಮ್ಮ ಶ್ರೀಮತಿಯವರ ಕೇಕಿನ ತಟ್ಟೆ ನಮ್ಮಲ್ಲೇ ಉಳಿದಿದೆ. ನಾಳೆ ಮಗ ನೆವಿಲ್ ತಂದುಕೊಡುತ್ತಾನೆ.

ನಿಮ್ಮ ಭಾಷಣದಲ್ಲಿ ನನ್ನನ್ನು ಅವನ ‘ಲಾಂಗ್-ಸಫರಿಂಗ್’ ಹೆಂಡತಿ ಅಂದಿರಿ. ಚರ್ಚಿನ ತುಂಬ ನಗು. ನಮ್ಮ ಕಡೆ ಗಂಡ ಮೂರು ಹೊತ್ತೂ ಮೀನು ಹಿಡಿಯುತ್ತ ಕೂತರೂ ಸಾಕು, ಹೆಂಡತಿಗೆ ಇದೇ ಬಿರುದು ಕೊಟ್ಟು ನಗುತ್ತಾರೆ. ರೂಢಿ ನೋಡಿ, ನಾನೂ ನಕ್ಕೆ.

ಬಿಡಿಸಿ ಹೇಳಿದರೆ ಅದರರ್ಥ ಬಹುಕಾಲ ನೋವು ತಿಂದವಳು ಅಂತ. ಅದು ನಿಜವೆಂದು ಅಲ್ಲಿ ಗೊತ್ತಿದ್ದದ್ದು ನಿಮಗೊಬ್ಬರಿಗೇ. ಮುರಿದ ಮಣಿಕಟ್ಟು ಹಿಡಿದುಕೊಂಡು ನಿಮ್ಮ ಅಡುಗೆಮನೆಗೆ ಬಂದಿದ್ದೆ. ಚಹಾ ಕೊಟ್ಟು, “ಮನೆಗೆ ಹೋಗಮ್ಮ ಹೆಸ್ಟರ್. ಅವನಿಗೆ ಸಿಟ್ಟು ಜಾಸ್ತಿ ಅಷ್ಟೆ, ಕೆಟ್ಟವನೇನಲ್ಲ” ಅಂದಿರಿ. ಕಾರಿನಲ್ಲಿ ನೀವೇ ಮನೆಯ ಬಾಗಿಲ ತನಕ ಬಿಟ್ಟಿರಿ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಸಮಾಧಿಕಲ್ಲಿನ ನಕ್ಷೆ ನಿಮ್ಮ ಒಪ್ಪಿಗೆಗೆ ಬರುತ್ತದೆ. ಎಲ್ಲರ ಕಲ್ಲಿನ ಹಾಗೆ ಅದರಲ್ಲೂ ಗಂಡನ ಹೆಸರಿನ ಕೆಳಗೆ ಹೆಂಡತಿಯ ಹೆಸರಿಗೆಂದು ಜಾಗ ಬಿಟ್ಟಿರುತ್ತಾರೆ. ಅದನ್ನು ತೆಗೆಸಿ. ಸತ್ತ ಮೇಲಾದರೂ ನಾನು ಅವನ ಪಕ್ಕ ಮಲಗುವುದಿಲ್ಲ.

ನೆವಿಲ್ ಕಾರಣ ಕೇಳುತ್ತಾನೆ. ಅವನೆದುರು ಕ್ಲಿಫರ್ಡ್ ಒಮ್ಮೆಯೂ ನನ್ನ ಮೇಲೆ ಕೈ ಎತ್ತಿದವನಲ್ಲ. ನಾನು ಹೇಳಿದರೆ ನಂಬಲಾರ. ತಟ್ಟೆ ಹಿಡಿದು ಬಂದಾಗ ಒಳಗೆ ಕೂರಿಸಿ, ಚಹಾ ಕೊಟ್ಟು, ನೀವೇ ಹೇಳಿ.

ಈ ಸಲ ಯಾರಿಗೂ ನಗು ಬರದ ಹಾಗೆ ಹೇಳಿ.

ಇಂತಿ,
ಹೆಸ್ಟರ್ ಗಾರ್ಸೈಡ್