ಎರಡನೇ ಹಾರ್ಡ್ ಡಿಸ್ಕಿನ ಮೇಲೊಂದು ಗುಮಾನಿ

ಕುಕನೂರು,
ಡಿಸೆಂಬರ್ ೨, ೨೦೨೪

ಪ್ರೀತಿಯ ಅವ್ವಾ,

ನಿನ್ನ ಮಗ ಶಾಂತಕುಮಾರ ಸ್ಟುಡಿಯೋದ ಮುರುಕು ಸ್ಟೂಲಿನ ಮೇಲಿಂದಲೇ ಮಾಡುವ ನಮಸ್ಕಾರ. ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ಮೊಮ್ಮಗನನ್ನು ಎತ್ತಿಕೊಂಡು ಸಿದ್ದಾಪುರದ ಕಾಲುವೆ ದಂಡೆಯಲ್ಲಿ ತಿರುಗುತ್ತೀಯೋ? ಬಾಣಂತಿ ಅಕ್ಕ ಉಣ್ಣುತ್ತಿದ್ದಾಳೆಯೇ? ಅವಳ ಮನೆಗೆ ಹೊಸ ಫ್ರಿಜ್ಜು ಬಂದಿದೆಯಂತೆ. ಹೊಸದು ಖಾಲಿ ಇರಬಾರದೆಂದು ನೀನು ಅದಕ್ಕೆ ಅಕ್ಕಿ-ಅಡಿಕೆಯ ಉಡಿ ತುಂಬದೆ ಬಿಟ್ಟಿರಲಾರೆ. ಫೋನ್ ಇರುವಾಗ ಕಾಗದ ಏಕೆಂದು ನಿನಗೆ ಸಂಶಯ ಬಂದಿರಬೇಕು. ಫೋನಿನಲ್ಲಿ ಹೇಳಿದರೆ ನೀನು ಸ್ಪೀಕರ್ ಹಾಕುತ್ತೀ, ನನ್ನ ಸಂಕಟ ಇಡೀ ಓಣಿಯ ಚಹಾಕ್ಕೆ ಚೂಡಾ ಆಗುತ್ತದೆ. ಇದನ್ನು ನೀನೊಬ್ಬಳೇ ಓದು.

ನೀನು ಅಕ್ಕನ ಊರಿಗೆ ಹೊರಟ ದಿನವೇ ಸ್ಟುಡಿಯೋದ ಕಂಪ್ಯೂಟರಿಗೆ ಎರಡನೇ ಹಾರ್ಡ್ ಡಿಸ್ಕ್ ಹಾಕಿಸಿದೆನಲ್ಲ, ಕಥೆ ಅದರದೇ. ಹಳೆಯದು ಊರವರ ಮದುವೆ, ಕುಬಸ, ಜಾವಳಗಳಿಂದ ಗಂಟಲಮಟ ತುಂಬಿ, ಇನ್ನೊಂದು ಫೋಟೊ ಹಾಕಿದರೆ ಕಕ್ಕುವ ಹಾಗಿತ್ತು. ಇಲ್ಲೇ ನಮ್ಮ ಪಕ್ಕದ ಹಳ್ಳಿ ಮಂಗಳೂರಿನ ದುರುಗವ್ವನ ಮಗಳ ಮದುವೆಯ ವಿಡಿಯೊ ಅದೊಂದರಲ್ಲೇ ಇದೆ. ಕ್ಯಾಮೆರಾದ ಕಾರ್ಡನ್ನು ಕುಷ್ಟಗಿಯ ಇನ್ನೊಂದು ಮದುವೆಗಾಗಿ ನಾನೇ ಅಳಿಸಿಬಿಟ್ಟಿದ್ದೇನೆ. ಆ ವಿಡಿಯೊದಲ್ಲಿ ಮದುಮಗಳ ಅಜ್ಜಿ ಹಲಗೆಯ ಸದ್ದಿಗೆ ಸೆರಗು ಕಟ್ಟಿ ಕುಣಿದಿದ್ದಾಳೆ. ಕುಣಿದವಳು ಆಮೇಲೆ ಹಾಸಿಗೆ ಹಿಡಿದಿದ್ದಾಳೆ. ದುರುಗವ್ವ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: “ತಮ್ಮಾ, ಮುದುಕಿ ತನ್ನ ಕುಣಿತ ತಾ ನೋಡಬೇಕಂತಾಳ, ಲಗೂ ಕೊಡೋ.” ಅದು ಹೋದರೆ ಅಜ್ಜಿಯನ್ನು ಮತ್ತೆ ಎಬ್ಬಿಸಿ ಕುಣಿಸಲು ನನ್ನಿಂದಾಗದು.

ಡಿಸ್ಕ್ ತಂದು ಕೂಡಿಸಿದವನು ನಮ್ಮ ರೆಹಮಾನ. ಸಾಲಿ ಬೆಂಚಿನಿಂದ ನನ್ನ ಗೆಳೆಯ, ಅವನ ತಾಯಿ ಮೈಮುನಬಿ ನಿನ್ನ ಗೆಳತಿ. ಕಂಪ್ಯೂಟರ್ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದಾಗ ನೀನು ಕೈಚೀಲ ಹಿಡಿದು ಬಂದು, “ಅದರಾಗ ಏನೂ ಇಲ್ಲೇನಪಾ?” ಎಂದು ಕೇಳಿದ್ದೆ. “ಪೂರಾ ಖಾಲಿ ಬೇ” ಅಂದೆ. ನಿನ್ನ ಮುಖ ಯಾಕೋ ಸಣ್ಣದಾಯಿತು. ಅವನು ಒಂದು ತಿರುಪು ತರಲು ಹೋದ, ನಾನು ನಿನಗೆ ಆಟೊ ಕರೆಯಲು ಹೋದೆ. ನಿನ್ನನ್ನು ಬಸ್ಸಿಗೆ ಹತ್ತಿಸಿ ಬಂದು, ಒಳಗೆ ಇಣುಕದೆ ಮುಚ್ಚಳ ಬಿಗಿದವನು ನಾನೇ.

ಮೊದಲ ಗುಮಾನಿ ಅಲ್ಲೇ ಹುಟ್ಟಿತು. ಕಂಪ್ಯೂಟರ್ ಹಚ್ಚಿದರೆ ಹೊಸ ಡಿಸ್ಕಿನ ಸುಳಿವೇ ಇಲ್ಲ. ಬರೀ ಡಬ್ಬಿ ಕೊಟ್ಟು ಹೋದನೇ ಎಂದು ಫೋನ್ ಮಾಡಿದರೆ, “ಹೊಸಾದಕ್ಕ ಮೊದಲ ಹೆಸರಿಡಬೇಕಲೇ, ಆಮ್ಯಾಲೆ ಕಾಣಸ್ತೈತಿ” ಅಂದ. ಹೆಸರೆಂದರೆ ಒಂದೇ ಒಂದು ಇಂಗ್ಲಿಷ್ ಅಕ್ಷರ, ತೊಟ್ಟಿಲಿಲ್ಲದ ನಾಮಕರಣ. ಅದಾದ ಮೇಲೆ ಫಾರ್ಮ್ಯಾಟ್ ಮಾಡು ಅಂದ. ಫಾರ್ಮ್ಯಾಟ್ ಎಂದರೆ ಅಳಿಸುವುದು ಎಂಬಷ್ಟು ಬುದ್ಧಿ ನನಗೂ ಉಂಟು; ಅಜ್ಜಿಯ ಕುಣಿತಕ್ಕೆ ಕುತ್ತು ತರುತ್ತಿದ್ದಾನೆಂದು ಬೆವತೆ. “ಹೊಸಾ ಹೊಲ ಐತಿ, ಹರಗದ ಬಿತ್ತಾಕ ಬರ್ತೈತೇನಲೇ? ಹಳೇ ಹೊಲಕ್ಕ ಕೈ ಹಚ್ಚಬ್ಯಾಡ” ಎಂದು ಬೈದ. ಮಾಡಿದೆ. ಹೊಲ ಕಾಣಿಸಿತು. ಮದುವೆಯನ್ನು ನಕಲು ಮಾಡಲು ಹಚ್ಚಿದೆ.

ಅರ್ಧ ಮದುವೆ ದಾಟಿರಬೇಕು. ಕಸ ಹೊಡೆಯಲೆಂದು ಪೆಟ್ಟಿಗೆಯನ್ನು ಸ್ವಲ್ಪ ಸರಿಸಿದೆ ನೋಡು, ಒಳಗಿನಿಂದ ಟಕ ಟಕ, ಕಟಕಟ! ಹಲ್ಲಿಲ್ಲದವರು ಕಡಲೆ ಅಗಿದಂಥ ಸದ್ದು. ಹೆದರಿ ಎಲ್ಲ ಬಂದ್ ಮಾಡಿದೆ. ಯಾರದೋ ಕೆಟ್ಟ ಹಳೇ ಡಿಸ್ಕಿಗೆ ಹೊಸ ಚೀಟಿ ಅಂಟಿಸಿ ಕೊಟ್ಟಿದ್ದಾನೆಂದು ಗುಮಾನಿ ತಲೆಗೇರಿತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿದ್ದ ರೆಹಮಾನನಿಗೆ, ನಾಲ್ಕು ಮಂದಿಯ ಎದುರಿಗೇ, “ಯಾರ ಮನಿ ಮೋಡಕಾ ಸಾಮಾನ ತಂದು ನನ್ನ ಕೊರಳಿಗೆ ಕಟ್ಟೀಯೋ?” ಎಂದುಬಿಟ್ಟೆ. ಅವನು ಅರ್ಧ ಚಹಾ ಹಾಗೇ ಇಟ್ಟು ಎದ್ದು ಹೋದ. ಫೋನ್ ಎತ್ತುತ್ತಿಲ್ಲ. ಪೆಟ್ಟಿಗೆ ಹಚ್ಚಲು ನನಗೆ ಧೈರ್ಯವಿಲ್ಲ. ಆದ್ದರಿಂದ ಅವ್ವಾ, ಮೈಮುನಬಿಗೆ ನೀನೊಂದು ಮಾತು ಹೇಳು: ಮಗನ ಸಿಟ್ಟು ಇಳಿಸಲಿ, ಅಥವಾ ನಿಜ ಬಿಡಿಸಿ ಕೇಳಲಿ. ನಿನ್ನ ಮಾತನ್ನು ಅವರ ಮನೆಯಲ್ಲಿ ಯಾರೂ ತೆಗೆದುಹಾಕುವುದಿಲ್ಲ.

ಅಕ್ಕನಿಗೆ ನನ್ನ ನೆನಪು ಹೇಳು, ಕೂಸಿನ ಕೆನ್ನೆಗೆ ನನ್ನ ಪಾಲಿನ ಮುತ್ತು ಕೊಡು. ಶೇಂಗಾ ಚಟ್ನಿ ಮುಗಿದಿದೆ ಎಂಬುದೂ ನಿನ್ನ ಗಮನಕ್ಕಿರಲಿ.

ನಿನ್ನ ಮಗ,
ಶಾಂತಕುಮಾರ

ತಾ.ಕ.: ಕಾಗದ ಮಡಚುವಷ್ಟರಲ್ಲಿ ರೆಹಮಾನ ತಾನೇ ಬಂದ. ಬಂದವನೇ ಮುಚ್ಚಳ ಬಿಚ್ಚಿದ. ಒಳಗಿನ ಫ್ಯಾನಿಗೆ ಅಡ್ಡವಾಗಿ ಒಂದು ಅರಿಷಿಣ ಬೇರು. ಕೆಳಗೆ ಒಂದು ಹಿಡಿ ಅಕ್ಕಿ, ಅಡಿಕೆ, ಎರಡು ಉತ್ತತ್ತಿ. ಅವ್ವಾ, ಖಾಲಿ ಎಂದ ತಪ್ಪಿಗೆ ಹಾರ್ಡ್ ಡಿಸ್ಕಿಗೂ ಉಡಿ ತುಂಬಿ ಹೋದೆಯಾ? ರೆಹಮಾನ ಬೇರನ್ನು ಬಿಡಿಸಿ ನನ್ನ ಕೈಗಿಟ್ಟು, “ನಿಮ್ಮವ್ವ ಅಮರಮ್ಮ ಛಲೋನ ಮಾಡ್ಯಾಳ. ಕೆಟ್ಟಿದ್ದು ನಿನ್ನ ತಲಿ” ಅಂದ. ಸದ್ದು ನಿಂತಿದೆ, ಅಜ್ಜಿ ಈಗ ಎರಡೂ ಡಿಸ್ಕಿನಲ್ಲಿ ಕುಣಿಯುತ್ತಿದ್ದಾಳೆ. ಆದರೆ ಅವನು ಅಕ್ಕಿಯನ್ನು ಕರ್ಚೀಫಿನಲ್ಲಿ ಕಟ್ಟಿ ಒಯ್ದಿದ್ದಾನೆ: “ನಿಮ್ಮವ್ವ ಬರೂತನಕ ಇದು ಜಪ್ತಿ. ಅದೇ ಚಾದಂಗಡ್ಯಾಗ, ಆಕಿ ಮುಂದ, ನೀ ಮಾಫಿ ಕೇಳಬೇಕು.” ಕೇಳುತ್ತೇನೆ, ನೀನು ಬೇಗ ಬಾ. ಉತ್ತತ್ತಿ ಎರಡನ್ನೂ ಮಾತ್ರ ಅವನು ಇಲ್ಲೇ ನಿಂತು ತಿಂದ. ಅರ್ಧ ಸಿಟ್ಟು ಇಳಿದಿದೆಯೆಂದು ನನಗೊಂದು ಗುಮಾನಿ.