ಮುಂದಿನ ಸೀಟಿನ ಕಾಲಡಿ

ಮನೆಯಿಂದ,
ಶನಿವಾರ, ೨೨ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನೀನು, ಭಾವ ಇಬ್ಬರೂ ಕ್ಷೇಮ ಎಂದುಕೊಂಡಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ವೈದ್ಯರು ಹೇಳಿದ ಮೇಲೂ ನೀನು ಮಹಡಿಗೆ ಹೋಗಿ ಬಟ್ಟೆ ಹರವಿ ಬರುತ್ತೀಯಂತೆ, ಭಾವ ಚಾಡಿ ಹೇಳಿದರು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮನ ವಿಷಯಕ್ಕೆ ಆಮೇಲೆ ಬರುತ್ತೇನೆ. ಬೆಳಗಿನಿಂದ ನಿನಗೆ ಎರಡು ಸಲ ಫೋನ್ ಮಾಡಿದೆನಲ್ಲ, ಎರಡು ಸಲವೂ ಚಳಿಯ ಬಗ್ಗೆ ಮಾತಾಡಿ ಇಟ್ಟುಬಿಟ್ಟೆ. ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ. ಕೂತುಕೊಂಡು ಓದು.

ಬರುವ ಒಂದನೇ ತಾರೀಖು ಅಮ್ಮನನ್ನು ವೃದ್ಧಾಶ್ರಮಕ್ಕೆ ಬಿಟ್ಟು ಬರಲು ಆರು ಗಂಟೆಯ ದಾರಿ. ಅಪ್ಪನ ಕಾಲದ ಕಾರು ನಡುದಾರಿಯಲ್ಲಿ ಕೈಕೊಡಬಾರದೆಂದು ಅದನ್ನು ಸರಿಮಾಡಿಸಲು ಹೊರಟೆ. ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಕೆಲವು ತಿಂಗಳಿಂದ ವಾರಕ್ಕೆ ಒಂದು ಲೋಟದಷ್ಟು ಕಡಿಮೆಯಾಗುತ್ತಿತ್ತು. ನಾನು ಮೇಲೆ ಮೇಲೆ ನೀರು ಸುರಿದು ದಿನ ದೂಡುತ್ತಿದ್ದೆ. ಎಲ್ಲಿ ಸೋರುತ್ತಿದೆ ಎಂಬುದು ಮಾತ್ರ ಪತ್ತೆಯಿಲ್ಲ. ರಸ್ತೆಗೆ ಕಬ್ಬಿಣದ ಕೋಲು ಊರಿ, ಅದಕ್ಕೆ ಕಿವಿ ಹಚ್ಚಿ, ನೆಲದೊಳಗಿನ ನೀರಿನ ಪೈಪು ಎಲ್ಲಿ ಒಡೆದಿದೆ ಎಂದು ಹೇಳಿ ಇಪ್ಪತ್ತೆರಡು ವರ್ಷ ಹೊಟ್ಟೆ ಹೊರೆದವನು ನಾನು. ಇಡೀ ಊರಿನ ಸೋರಿಕೆ ಹಿಡಿಯುವವನಿಗೆ ಮನೆಯ ಕಾರಿನದು ಯಾವ ಲೆಕ್ಕ ಎಂದುಕೊಂಡೆ. ಕಾರಿನಡಿ ರಟ್ಟು ಹಾಸಿಟ್ಟು ನೋಡಿದೆ, ಒಂದು ಹನಿಯೂ ಬಿದ್ದಿರಲಿಲ್ಲ. ಪೈಪಿನ ಸೇರುವೆಗಳಿಗೆಲ್ಲ ತೆಳುಕಾಗದ ಸುತ್ತಿದೆ, ಅದೂ ಒಣಗಿದಂತೆಯೇ ಇತ್ತು. ಮೂಸಿ ಹಿಡಿಯೋಣವೆಂದರೆ, ಆರು ವರ್ಷದ ಹಿಂದಿನ ಜ್ವರದಲ್ಲಿ ನನ್ನ ಮೂಗು ಕೆಲಸ ಬಿಟ್ಟಿದ್ದು ನಿನಗೆ ಗೊತ್ತೇ ಇದೆ. ಒಲೆಯ ಮೇಲೆ ಹಾಲು ಸೀದು ಕರಕಾದರೂ ನನಗೆ ತಿಳಿಯುವುದಿಲ್ಲ. ಮೂಗಿಲ್ಲದ ಮಹಾರಾಯ ಎಂದು ಹೆಸರಿಟ್ಟವಳು ನೀನೇ ಅಲ್ಲವೇ.

ಕೊನೆಗೆ ಸೋತು ಇವತ್ತು ಬೆಳಿಗ್ಗೆ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದೆ. ಮಾತು ಕಡಿಮೆ, ಕೆಲಸ ಹೆಚ್ಚು ಎನ್ನುವ ಜಾತಿಯ ಮನುಷ್ಯ. ರೇಡಿಯೇಟರಿನ ಬಾಯಿಗೆ ಸೈಕಲ್ ಪಂಪಿನಂಥದೊಂದನ್ನು ಸಿಕ್ಕಿಸಿ ಒತ್ತಡ ತುಂಬಿದ. ಅದರ ಮೇಲೆ ಒತ್ತಡ ತೋರಿಸುವ ಮುಳ್ಳಿನ ಗಡಿಯಾರ. ನಾವಿಬ್ಬರೂ ಬಾಗಿ ನಿಂತು ನೋಡುತ್ತಿದ್ದಂತೆ ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಎಂಜಿನ್ ಒಣಗಿತ್ತು, ನೆಲ ಒಣಗಿತ್ತು. ಅವನು ಹ್ಞೂಂ ಎಂದವನೇ ಎದ್ದು ಹೋಗಿ, ಮುಂದೆ ಡ್ರೈವರ್ ಪಕ್ಕದ ಸೀಟಿನ ಬಾಗಿಲು ತೆರೆದ. ಅಲ್ಲಿ ನಾನು ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಸರಿಸಿ, ಕಾಲಡಿಯ ಕಾರ್ಪೆಟ್ ಎತ್ತಿ, ಅದರ ಕೆಳಗಿನ ದಪ್ಪ ಬಟ್ಟೆಯನ್ನು ಹಿಂಡಿದ. ಬೆರಳ ಸಂದಿಯಿಂದ ನೀರು ಇಳಿಯಿತು. ಮೂಸಿ ನೋಡಿ, ಕೂಲೆಂಟಿನದೇ ಸಿಹಿ ವಾಸನೆ ಎಂದು ತಲೆಯಾಡಿಸಿದ. ಚಳಿಗೆ ಕಾರಿನೊಳಗೆ ಬೆಚ್ಚನೆಯ ಗಾಳಿ ಊದುವ ಹೀಟರ್ ಇದೆಯಲ್ಲ, ಅದರೊಳಗೂ ಈ ಕೂಲೆಂಟೇ ಹರಿಯುವುದಂತೆ. ಅದು ತೂತಾಗಿದೆ. ಹೊರಗೆ ಒಂದು ಹನಿಯೂ ಬೀಳದೆ ಎಲ್ಲ ಒಳಗೇ, ಆ ಸೀಟಿನ ಕಾಲಡಿಗೇ ಇಳಿಯುತ್ತಿತ್ತು. "ಇಲ್ಲಿ ಯಾರು ಸಾರ್ ಕೂರೋದು?" ಎಂದ. ನಮ್ಮ ತಾಯಿ ಕೂರುತ್ತಿದ್ದರು ಎಂದೆ. "ನಾಲ್ಕು ತಿಂಗಳಿಂದಾದ್ರೂ ಸೋರಿರ್ಬೇಕು. ಅವ್ರ ಕಾಲು ಒದ್ದೆ ಆಗ್ತಿರ್ಲಿಲ್ವಾ? ಏನೂ ಹೇಳ್ಲಿಲ್ವಾ ಅವ್ರು?"

ಅಕ್ಕಾ, ಹೇಳಿದ್ದಳು. ನನಗೂ ಹೇಳಿದ್ದಳು, ನಿನಗೂ ಹೇಳಿದ್ದಳು.

ನಾನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತುಬಿಟ್ಟೆ. ಮೇಸ್ತ್ರಿ ಗಾಬರಿಯಿಂದ ನೀರು ತಂದುಕೊಟ್ಟ. ಕಣ್ಣಾಸ್ಪತ್ರೆಯಿಂದ ಬರುವಾಗ ಮೊದಲ ಸಲ ಅವಳ ಕಾಲುಚೀಲ, ಬಟ್ಟೆಯ ಅಂಚು ಒದ್ದೆಯಾಗಿದ್ದ ದಿನ, "ನಾನಲ್ಲ ಕಣೋ, ಮೇಲಿಂದ ಏನೋ ಬೆಚ್ಚಗೆ ಇಳೀತಾ ಇದೆ" ಎಂದಿದ್ದಳು. ಆ ಬೆಚ್ಚಗೆ ಎಂಬ ಮಾತೇ ಅವಳಿಗೆ ಮುಳುವಾಯಿತು, ಮೂತ್ರವೇ ಎಂದುಕೊಂಡೆವು. ಸಿಹಿಸಿಹಿ ವಾಸನೆ ಬರುತ್ತದೆ ಎಂದಾಗ, ನೀನು ಫೋನಿನಲ್ಲೇ ಸಕ್ಕರೆ ಕಾಯಿಲೆ ಎಂದು ತೀರ್ಮಾನಿಸಿ ಪರೀಕ್ಷೆ ಮಾಡಿಸಲು ಹೇಳಿದೆ. ನಾನು ಮಾಡಿಸಿದೆ. ಸಕ್ಕರೆಯೂ ಇರಲಿಲ್ಲ, ಏನೂ ಇರಲಿಲ್ಲ. ಆದರೂ ನಾವು ಬಿಡಲಿಲ್ಲ. ಈಗ ನೆನಪಾಗುತ್ತಿದೆ, ಅಷ್ಟು ಸಲವೂ ಸೀಟು ಒಣಗಿತ್ತು ಅಕ್ಕಾ. ಕಾಲಡಿ ಮಾತ್ರ ಒದ್ದೆ. ಸೀಟು ಒಣಗಿದ್ದು ಕಾಲಡಿ ನೆನೆಯುವುದು ಹೇಗೆ ಎಂದು ಸೋರಿಕೆ ಹಿಡಿಯುವ ಈ ಪಂಡಿತನಿಗೆ ಒಂದು ದಿನವೂ ಹೊಳೆಯಲಿಲ್ಲ. ಅವಳ ಮುಖ ನೋಡಲು ನನಗೇ ನಾಚಿಕೆಯಾಗುತ್ತಿತ್ತು, ಹಾಗಾಗಿ ಬೇಗ ಬೇಗ ಒರೆಸಿ ಕೈತೊಳೆದುಕೊಳ್ಳುತ್ತಿದ್ದೆ. "ಇರ್ಲಿ ಬಿಡಮ್ಮ, ವಯಸ್ಸಾದ್ಮೇಲೆ ಎಲ್ರಿಗೂ ಆಗತ್ತೆ" ಎಂದು ಎಷ್ಟು ಮೃದುವಾಗಿ ಹೇಳುತ್ತಿದ್ದೆ ಗೊತ್ತೇ. ಗದರಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳು. ಮೃದುವಾಗಿ ಹೇಳಿ ಹೇಳಿ ಅವಳ ಬಾಯಿ ಮುಚ್ಚಿಸಿದೆ.

ಡೈಪರ್ ತಂದ ದಿನ ಅವಳು ಬಾಗಿಲು ಹಾಕಿಕೊಂಡು ಅತ್ತಿದ್ದು ನಿನಗೆ ಬರೆದಿರಲಿಲ್ಲ. ಡೈಪರ್ ಹಾಕಿಸಿದ ಮೇಲೆ ಒದ್ದೆಯಾಗುವುದು ನಿಂತಿತು, ನಮ್ಮ ಅಂದಾಜು ಸರಿ ಎಂದು ಮಾತ್ರ ಬರೆದಿದ್ದೆ. ಅದೇ ವಾರ ಮುಂದಿನ ಸೀಟಿನ ಒದ್ದೆ ಕಾಲಡಿಗೆ ಪ್ಲಾಸ್ಟಿಕ್ ಹಾಸಿ ಅವಳನ್ನು ಹಿಂದಿನ ಸೀಟಿಗೆ ಕೂರಿಸಿದ್ದೆ, ನಿಂತಿದ್ದು ಅದರಿಂದ. ಮೂರು ದಿನಕ್ಕೆಂದು ನೀನು ಬಂದಿದ್ದೆಯಲ್ಲ, ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋದೆ. ಒಂದು ಸಲ ಆ ಕಾರು ಹತ್ತಿದ್ದರೆ ನಿನ್ನ ಮೂಗಾದರೂ ಹೇಳುತ್ತಿತ್ತೇನೋ. ಆ ಮೂರು ದಿನದಲ್ಲಿ ನಾವು ಮಾಡಿದ್ದು ವೃದ್ಧಾಶ್ರಮದ ಅರ್ಜಿ ತುಂಬಿದ್ದು. ಕಾರಣ ಎಂಬಲ್ಲಿ ನಿನ್ನ ಕೈಯಿಂದ ಬರೆದ ಸಾಲು ನನಗೆ ಬಾಯಿಪಾಠ: ಮೂತ್ರದ ಹಿಡಿತವಿಲ್ಲ, ತಲೆಸುತ್ತು, ಒಂಟಿಯಾಗಿ ಬಿಡುವಂತಿಲ್ಲ. ನಿನ್ನನ್ನು ದೂರುತ್ತಿಲ್ಲ. ಪದ ಹೇಳಿಕೊಟ್ಟವನು ನಾನೇ.

ತಲೆಸುತ್ತಿನ ಕಾರಣವೂ ಇವತ್ತು ಗೊತ್ತಾಯಿತು. ಮನೆಗೆ ಬಂದವನೇ ಅವಳ ಕೋಣೆಗೆ ಹೋದೆ. ಬೆಳಿಗ್ಗೆ ನಾನು ತುಂಬಿಸಿಟ್ಟ ನೀರಿನ ಹೂಜಿ ಕಂಠಮಟ್ಟ ಹಾಗೇ ಇತ್ತು. ಯಾಕಮ್ಮ ಕುಡಿದಿಲ್ಲ ಎಂದರೆ, "ಕುಡಿದ್ರೆ ಆಗತ್ತಲ್ಲಪ್ಪ, ನಿಂಗ್ಯಾಕೆ ತೊಂದ್ರೆ" ಎಂದಳು. ತಿಂಗಳುಗಳಿಂದ ದಿನಕ್ಕೆ ಎರಡೇ ಲೋಟವಂತೆ. ಅವಳೇ ನಂಬಿಬಿಟ್ಟಿದ್ದಾಳೆ ಅಕ್ಕಾ. ತನ್ನ ಮೈಯನ್ನು ತಾನೇ ನಂಬದ ಹಾಗೆ ಮಾಡಿಬಿಟ್ಟೆವು. ಕಾರಿನ ವಿಷಯ ಹೇಳಲು ಹೋದವನು ಹೇಳಲಾಗದೆ ಅಡುಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಅರ್ಜಿಯಲ್ಲಿ ಸಹಿ ನಿನ್ನದು, ಹಿಂದಕ್ಕೆ ಪಡೆಯಬೇಕಾದವಳೂ ನೀನೇ. ಕೈಮುಗಿದು ಕೇಳುತ್ತೇನೆ, ಈ ಕಾಗದ ತಲುಪಿದ ಕೂಡಲೇ ಅವರಿಗೆ ಫೋನ್ ಮಾಡಿ ಕೋಣೆ ಬೇಡ ಎನ್ನು. ಅಮ್ಮ ಇಲ್ಲೇ ಇರಲಿ. ಭಾವನಿಗೆ ನನ್ನ ನಮಸ್ಕಾರ. ಮಂಡಿ ಜೋಪಾನ.

ನಿನ್ನ ತಮ್ಮ

ಲಕೋಟೆ ಅಂಟಿಸುವ ಮುಂಚೆ ಇಷ್ಟು: ಈಗಷ್ಟೇ ಅಮ್ಮನಿಗೆ ಎಲ್ಲ ಹೇಳಿದೆ. ಅಳುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ಅರ್ಜಿ ವಾಪಸ್ ತಗೋಬೇಡ ಅಂತ ಬರಿ ಅವಳಿಗೆ. ಆ ಒಂದು ಸಾಲು ಹೊಡೆದುಹಾಕ್ಸು ಅನ್ನು, ಸಾಕು. ನಾನು ಹೋಗ್ತೀನಿ. ಅಲ್ಲಿಯವರಿಗೆ ನಾನು ಯಾರೋ ಏನೋ, ಅವ್ರು ನನ್ನ ಮಾತು ನಂಬದೆ ಇದ್ರೆ ಅಷ್ಟು ನೋವಾಗಲ್ಲ" ಎಂದಳು. ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದಾಳೆ. ತಡೆಯಲು ನನಗೆ ಮುಖವಿಲ್ಲ. ಫೋನ್ ಆಮೇಲೆ ಮಾಡು ಅಕ್ಕಾ, ಮೊದಲು ನೀನು ಹೊರಟು ಬಾ.