ಅವ್ವನ ಗದ್ದೆಗೆ ಭೀಮಕ್ಕನ ಕುರಿ

ಜಗಳೂರು
೯-೨-೧೯೭೮

ನ್ಯಾಮತಿಯ ಅಕ್ಕನಿಗೆ ನಮಸ್ಕಾರ.

ಅವ್ವನ ಕಣ್ಣಿನ ಆಪರೇಷನ್ ಇಲ್ಲಿನ ಸರ್ಕಾರಿ ಶಿಬಿರದಲ್ಲಿ ಸುಸೂತ್ರವಾಯಿತು. ಖಾಸಗಿ ನರ್ಸಿಂಗ್ ಹೋಮಿನ ಒಂಟಿ ಕೋಣೆಯಿಂದ "ಗೋಡೆ ಜೊತೆ ಏನ್ ಮಾತಾಡ್ಲಿ?" ಎಂದು ಎದ್ದು ಬಂದವಳು, ಇಲ್ಲಿ ಶಾಲೆಯ ಜಗುಲಿಯಲ್ಲಿ ಚಾಪೆ ಮೇಲೆ ಮಹಾರಾಣಿ. ಅಲ್ಲಿ ಫ್ಯಾನು, ಇಲ್ಲಿ ಬಾನು. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡ ಮುದುಕಿಯರು ಸಾಲಾಗಿ ಮಲಗಿ ಒಬ್ಬರಿಗೊಬ್ಬರು ಮಾತಿನಲ್ಲೇ ತಮ್ಮ ಊರು ತೋರಿಸುತ್ತಾರೆ. ಅವ್ವ ನಮ್ಮ ಗದ್ದೆಗೆ ನೀರು ಬಿಟ್ಟರೆ ಪಕ್ಕದ ಚಾಪೆಯ ಭೀಮಕ್ಕನ ಕುರಿಗಳು ಕುಡಿಯಲು ಬರುತ್ತವೆ. "ಪೈರಿಗೆ ಬಾಯಿ ಹಾಕ್ತಾವೆ, ಹೊಡ್ಕಳೇ ಭೀಮಕ್ಕ!"

ಊಟ ಸೇರುತ್ತಿದೆ. ನನಗಷ್ಟೇ ನೆಗಡಿ.

ನಾಳೆ ಪಟ್ಟಿ ಬಿಚ್ಚುತ್ತಾರೆ. ಕಾಣದಿದ್ದರೆ ಎಂದು ನನಗೆ ಅಳುಕು. "ಮೊದ್ಲು ನನ್ ಮುಖ ನೋಡವ್ವ" ಎಂದೆ.

"ನಿಂದು ನೋಡಿದ್ದೇ ಐತಲ್ಲೋ. ಮೊದ್ಲು ಭೀಮಕ್ಕನ್ನ ತೋರ್ಸು."

ಟಪಾಲಿನ ಹೊತ್ತಾಯಿತು.

ನಿನ್ನ ತಮ್ಮ,
ಮುರುಗೇಶಿ